ಪಿಯೆರೋನ ನಾಲ್ಕು ಮಾತು

ರಿಗ್ಮೋರಳ ಗಂಡ ಎಯ್ನಾರ್ ಜೀವಮಾನವಿಡೀ ಹೊಟ್ಟೆ ಹೊರೆದದ್ದು ಬಾಯಿ ಮುಚ್ಚಿಕೊಂಡು. ಕೋಪನ್‌ಹೇಗನ್ನಿನ ದೊಡ್ಡ ವಿಹಾರೋದ್ಯಾನದಲ್ಲಿ, ನವಿಲುಪರದೆಯ ರಂಗಮಂದಿರದಲ್ಲಿ, ಮೂವತ್ತು ಬೇಸಿಗೆ ಅವನು ಮೂಕಾಟದ ಕೋಡಂಗಿ ಪಿಯೆರೋ ಆಗಿದ್ದ. ಬಿಳಿ ಅಂಗಿ, ಬಿಳಿ ಮುಖ, ಕೆಂಪು ತುಟಿ, ತಲೆಗೊಂದು ಬಿಳಿ ಟೊಪ್ಪಿ. ಹರ್ಲೆಕಿನ್ ತನ್ನ ಪ್ರೇಯಸಿ ಕೊಲಂಬಿನಳನ್ನು ಹಾರಿಸಿಕೊಂಡು ಹೋಗುವಾಗ ನಡುವೆ ಸಿಕ್ಕಿಹಾಕಿಕೊಂಡು ಏಟು ತಿನ್ನುವ ಪೆದ್ದ ಆಳು ಅವನೇ, ಸಾಸೇಜು ಕದ್ದು ಸಿಕ್ಕಿಬೀಳುವವನೂ ಅವನೇ. ಪ್ರತಿ ಸಂಜೆ ಅದೇ ಕಥೆ, ಅದೇ ಏಟು. ಆ ಆಟಗಳಿಗೆ ಬರೆದಿಟ್ಟ ಪುಸ್ತಕವಿಲ್ಲ. ಇಟಲಿಯಿಂದಲೂ ಇಂಗ್ಲೆಂಡಿನಿಂದಲೂ ಗಾಡಿ ಕಟ್ಟಿಕೊಂಡು ಬಂದ ಅಲೆಮಾರಿ ಆಟಗಾರರು ಯಾವ ಕಾಲದಲ್ಲೋ ಇಲ್ಲಿ ತಂದು ಬಿಟ್ಟದ್ದು ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ದಾಟಿಕೊಂಡು ಬಂದಿತ್ತು, ಅಷ್ಟೆ.

ಆಟದುದ್ದಕ್ಕೂ ಒಂದು ಮಾತಿಲ್ಲ. ಆದರೆ ಕೊನೆಗೊಂದು ಪದ್ಧತಿಯಿತ್ತು. ಪರದೆಯಾಗಿರುವ ನವಿಲಿನ ಬಾಲ ಬಿಚ್ಚಿಕೊಂಡು ರಂಗವನ್ನೆಲ್ಲ ಮುಚ್ಚಿದ ಮೇಲೆ ಪಿಯೆರೋ ಒಬ್ಬನೇ ಮುಂದೆ ಬಂದು ನಿಲ್ಲುತ್ತಾನೆ. ಕಂಬಿಗೆ ಒತ್ತಿಕೊಂಡು ನಿಂತ ಮಕ್ಕಳು ಗಂಟಲು ಹರಿಯುವ ಹಾಗೆ ಕೂಗುತ್ತವೆ.

"ಮಾತಾಡು ಪಿಯೆರೋ! ಏನಾದ್ರೂ ಮಾತಾಡು!"

ಅವನು ತಲೆಯಾಡಿಸುತ್ತಾನೆ, ನಾಚುತ್ತಾನೆ, ಓಡಿಹೋಗಲು ನೋಡುತ್ತಾನೆ. ಮಕ್ಕಳು ಬಿಟ್ಟರೆ ತಾನೇ. ಕೊನೆಗೆ ಬಾಯಿ ತೆರೆಯುತ್ತಾನೆ. ಒಬ್ಬೊಬ್ಬ ಪಿಯೆರೋನದು ಒಂದೊಂದು ಬಗೆ. ಎಯ್ನಾರನದು ಇಷ್ಟು: "ಮಕ್ಕಳಾ, ಹೇಳೋದು ತುಂಬಾ ಇದೆ. ಉಳಿದಿದ್ದು ನಾಳೆ. ಈಗ ಎಲ್ರೂ ಒಂದು ಹುರ್ರಾ ಅನ್ನಿ!" ಇದನ್ನು ಕೇಳದೆ ಯಾವ ಮಗುವೂ ಮನೆಗೆ ಹೊರಡುತ್ತಿರಲಿಲ್ಲ. ಅಪ್ಪಂದಿರು ಎತ್ತಿಕೊಂಡು ಹೊರಟರೆ ಹೆಗಲ ಮೇಲಿಂದಲೇ ಒದೆಯುತ್ತಿದ್ದವು.

ರಿಗ್ಮೋರ್ ಬಾರ್ನ್‌ಹೋಮ್ ದ್ವೀಪದವಳು. ಅಪ್ಪ ಹೆರಿಂಗ್ ಮೀನನ್ನು ಹೊಗೆಗೆ ಹಾಕಿ ಮಾರುತ್ತಿದ್ದ. ಮನೆಯಲ್ಲಿ ಏಳು ಮಂದಿ, ಏಳೂ ಮಂದಿಗೆ ದೊಡ್ಡ ಬಾಯಿ. ಹತ್ತೊಂಬತ್ತನೆಯ ವಯಸ್ಸಿಗೆ ರಾಜಧಾನಿಗೆ ಬಂದು ಲಾಂಡ್ರಿಯೊಂದಕ್ಕೆ ಸೇರಿದಳು. ರಂಗಮಂದಿರದ ಬಿಳಿ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಪಿಯೆರೋನ ಅಂಗಿಯ ಬಲತೋಳಿನಲ್ಲಿ ವಾರವಾರವೂ ತುಟಿಬಣ್ಣದ ಕೆಂಪು ಕಲೆ. ಉಜ್ಜಿ ಉಜ್ಜಿ ಬೆರಳು ಸುಲಿದುಹೋಗಿ, ಒಂದು ದಿನ ಚೀಟಿ ಬರೆದು ಅಂಗಿಗೆ ಪಿನ್ನು ಹಾಕಿ ಕಳಿಸಿದಳು: "ಈ ಮನುಷ್ಯನಿಗೆ ಕರವಸ್ತ್ರ ಅಂದ್ರೆ ಏನು ಅಂತ ಯಾರಾದ್ರೂ ತೋರಿಸಿ."

ಮುಂದಿನ ಸೋಮವಾರ ಎಯ್ನಾರನೇ ಲಾಂಡ್ರಿಗೆ ಬಂದ. ಹನ್ನೊಂದು ಹೆಂಗಸರ ಎದುರು ತುಟಿ ಬಿಚ್ಚದೆ ಮಂಡಿಯೂರಿದ. ಜೇಬಿಗೆ ಕೈ ಹಾಕಿ ಕರವಸ್ತ್ರ ಎಳೆದ. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಎಲ್ಲರಿಗೂ ಕಂಡಿತು. ಎಳೆದ, ಎಳೆದ, ಅದು ಮುಗಿಯಲೇ ಇಲ್ಲ. ಎಳೆದದ್ದನ್ನೆಲ್ಲ ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಇಲ್ಲದ ಹಗ್ಗದ ಮೇಲೆ ಹರವಿ, ಹಿಂಡುವಾಗ ಮುಖಕ್ಕೆ ಹಾರಿದ ನೀರನ್ನು ಅದೇ ಬಲತೋಳಿಗೆ ಒರೆಸಿಕೊಂಡ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ರಿಗ್ಮೋರಳ ಕಡೆ ತಿರುಗಿ ಬಲಗೈಯನ್ನು ತನ್ನ ಮುಖದ ಸುತ್ತ ಮೆಲ್ಲಗೆ ಒಂದು ಸುತ್ತು ತಂದ.

"ಇದೇನು?" ಎಂದಳು ರಿಗ್ಮೋರ್.

"ನಮ್ಮ ಆಟದ ಭಾಷೇಲಿ ಅದು ಚೆಂದ ಅಂತ ಕಣೇ," ಎಂದಳು ರಂಗಮಂದಿರದ ಬಟ್ಟೆ ತರುವ ಮುದುಕಿ.

"ಇವ್ನಿಗೆ ಮಾತು ಬರಲ್ವಾ?"

"ಬರುತ್ತೆ," ಎಂದ ಎಯ್ನಾರ್. "ದಿನಕ್ಕೆ ನಾಲ್ಕೇ."

ತಮಾಷೆ ಎಂದುಕೊಂಡಳು ಪಾಪ. ಮದುವೆಯಾದ ಮೇಲೆ ತಿಳಿಯಿತು ಅದು ಬರೀ ತಮಾಷೆಯಲ್ಲ ಎಂದು. ರಂಗಮಂದಿರದಲ್ಲೇ ಬಟ್ಟೆ ನೋಡಿಕೊಳ್ಳುವ ಕೆಲಸ ಹಿಡಿದಳು, ಹಗಲಿಡೀ ಅವನ ಜೊತೆಗೇ ಇದ್ದಳು, ಆದರೆ ವೆಸ್ಟರ್‌ಬ್ರೋ ಬಡಾವಣೆಯ ಅವರ ಎರಡು ಕೋಣೆಯ ಮನೆಯಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಹೆಂಡತಿಯನ್ನು ಕರೆಯಬೇಕಾದರೂ ಅವನು ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟುತ್ತಿದ್ದ. ಟಕ್, ಟಕ್.

"ಊರ ಮಕ್ಕಳಿಗೆ ನಾಲ್ಕು ಮಾತು, ಕಟ್ಟಿಕೊಂಡವಳಿಗೆ ಎರಡು ಕುಟ್ಟು!" ಎಂದು ಅವಳು ಸಿಡುಕುತ್ತಿದ್ದಳು. ಸ್ವಂತ ಮಕ್ಕಳಾಗಲಿಲ್ಲ. ಆ ವಿಷಯವನ್ನೂ ಇಬ್ಬರೂ ಆಡಲಿಲ್ಲ.

ಇಪ್ಪತ್ತಾರನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಅವನ ದನಿ ಒಡೆಯತೊಡಗಿತು. ಶೀತವೆಂದುಕೊಂಡು ಜೇನು ಕುಡಿಸಿದಳು. ನವೆಂಬರಿನಲ್ಲಿ ವೈದ್ಯರು ಗಡ್ಡೆಯೆಂದರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಪರೇಷನ್ನಿನ ಬೆಳಿಗ್ಗೆ ರಿಗ್ಮೋರ್ ತನ್ನ ಒಳ್ಳೆಯ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನಿಂತಳು. ಇಷ್ಟು ವರ್ಷ ಉಳಿಸಿಟ್ಟುಕೊಂಡದ್ದರಲ್ಲಿ ಇವತ್ತಾದರೂ ಒಂದು ಮಾತು ತನಗೆ ಸಿಗುತ್ತದೆ ಎಂಬ ಆಸೆ. ಗಾಲಿಮಂಚವನ್ನು ತಳ್ಳಿಕೊಂಡು ಹೊರಡುವಾಗ ಅವನು ಅವಳ ತೋಳು ಹಿಡಿದುಕೊಂಡ.

"ಗ್ಯಾಸ್ ಆಫ್ ಮಾಡಿ ಬಂದ್ಯಾ?"

"ಮಾಡಿದೀನಿ ಮಾರಾಯ," ಎಂದಳು.

ಅವನು ಆಡಿದ ಕೊನೆಯ ಮಾತು ಅದು. ಮನೆಗೆ ಬಂದು ಕೋಟು ಬಿಚ್ಚದೆ ಒಲೆಯ ಮುಂದೆ ಕೂತು ಅತ್ತಳು, ಅಳುವಾಗಲೇ ನಗುವೂ ಬಂತು.

ಮೂಕಾಭಿನಯದವನಿಗೆ ಗಂಟಲು ಹೋದರೆ ಏನು ಹೋದಂತಾಯಿತು ಎಂದು ಊರವರು ಕೇಳಬಹುದು. ಕಟುಕನ ಅಂಗಡಿಯಲ್ಲಿ ಒಬ್ಬಳು ಕೇಳಿಯೂ ಕೇಳಿದಳು. ರಂಗಮಂದಿರದವರು ಯಾರೂ ಕೇಳಲಿಲ್ಲ. ಏಪ್ರಿಲಿನಲ್ಲಿ ಮ್ಯಾನೇಜರು ಗಂಡಹೆಂಡಿರನ್ನು ಕೂರಿಸಿಕೊಂಡು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಕೆಟ್ಟವನಲ್ಲ ಅವನು.

"ಏಟು ತಿನ್ನೋಕೆ, ಬೀಳೋಕೆ ನಿನ್ನನ್ನ ಮೀರಿಸೋರಿಲ್ಲ ಎಯ್ನಾರ್. ಆದ್ರೆ ಕೊನೇಲಿ ಮಕ್ಕಳು ಮಾತಾಡು ಅಂತಾವಲ್ಲ, ಆಗೇನು ಮಾಡೋಣ? ಬಾಗಿಲು ಕಾಯೋ ಕೆಲಸ ಒಂದಿದೆ, ಹಗುರದ್ದು..."

ಎಯ್ನಾರ್ ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದ, ಯಾರದೋ ಸಾಮಾನನ್ನು ನೋಡುವ ಹಾಗೆ. ಅದನ್ನು ನೋಡಲಾಗಲಿಲ್ಲ ರಿಗ್ಮೋರಳಿಗೆ.

"ಮಾತು ನಾನಾಡ್ತೀನಿ," ಎಂದುಬಿಟ್ಟಳು. "ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕೇಳಿದೀನಿ. ನಂಗೆ ಬರಲ್ವಾ?"

ರಂಗದ ಹಲಗೆಗಳ ಕೆಳಗೆ, ನವಿಲಿನ ಬಾಲವನ್ನು ಹಗ್ಗ ಎಳೆದು ಬಿಚ್ಚುವ ಐದು ಜನರ ಜಾಗ. ಅಲ್ಲಿ ಮುಂಭಾಗಕ್ಕೊಂದು ಗಾಳಿಯ ಜಾಲರಿ. ಅದರ ಬುಡದಲ್ಲಿ ಬಿಯರಿನ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಹಗ್ಗದವರ ಹಿರಿಯ ಹೊಲ್ಗರ್ ಅವಳಿಗೆ ಆಸನ ಮಾಡಿಕೊಟ್ಟ.

"ಬನ್ನಿ ಬನ್ನಿ, ಮಾತೇ ಇಲ್ಲದ ಆಟಕ್ಕೆ ಮಾತು ಹೇಳಿಕೊಡೋರು! ಇನ್ನು ಕುಂಟನ ಕುಣಿತಕ್ಕೂ ಒಬ್ಬರನ್ನ ಇಟ್ಕೊಂಡ್ರೆ ಸರಿಹೋಯ್ತು."

"ಹಗ್ಗ ನೋಡ್ಕೊಳ್ಳಪ್ಪ ನೀನು," ಎಂದಳು.

ಮೇ ಒಂದರ ಸಂಜೆ, ಆ ಬೇಸಿಗೆಯ ಮೊದಲ ಆಟ. ಇನ್ನೂ ಹಗಲಿನಷ್ಟೇ ಬೆಳಕು. ಉಸಿರಾಡಲೆಂದು ವೈದ್ಯರು ಕುತ್ತಿಗೆಯಲ್ಲಿ ಬಿಟ್ಟ ತೂತು ಕಾಣದಂತೆ ಪಿಯೆರೋನ ನೆರಿಗೆಪಟ್ಟಿಯನ್ನು ಅಗಲ ಮಾಡಿ ಹೊಲಿದಿದ್ದಳು. ಮುಖದ ಪುಡಿ ಉಸಿರಿಗೆ ಹೋಗಬಾರದೆಂದು ಒಳಗಡೆ ತೆಳುಬಟ್ಟೆ ಇಟ್ಟಿದ್ದಳು. ಆಟ ಮುಗಿಯಿತು, ಬಾಲ ಬಿಚ್ಚಿತು, ಮಕ್ಕಳು ಕೂಗಿದವು. ಹಲಗೆಯಡಿಯಲ್ಲಿ ಆ ಕೂಗು ಗುಡುಗಿದ ಹಾಗೆ ಕೇಳಿತು. ಇಷ್ಟು ಗದ್ದಲದಲ್ಲಿ ತನ್ನ ದನಿ ಯಾರಿಗೆ ಕೇಳೀತು ಎಂದುಕೊಂಡಳು ರಿಗ್ಮೋರ್. ಜಾಲರಿಗೆ ಬಾಯಿಟ್ಟು, ಪಿಯೆರೋನ ಆ ನಾಲ್ಕು ಮಾತನ್ನು ತೆಳು ದನಿಯಲ್ಲಿ ಇದ್ದಷ್ಟು ಬಲದಿಂದ ಕೂಗಿದಳು. ಉಳಿದಿದ್ದು ನಾಳೆ ಎನ್ನುವಾಗ ದನಿಯನ್ನು ಸೂರು ಮುಟ್ಟುವಷ್ಟು ಏರಿಸಿದಳು. ಮೇಲೆ ಎಯ್ನಾರ್ ಬಾಯಿ ಆಡಿಸಿದ. ಮಕ್ಕಳು ಹುರ್ರಾ ಎಂದವು.

ಬಣ್ಣದ ಕೋಣೆಯಲ್ಲಿ ನೆರಿಗೆಪಟ್ಟಿ ಬಿಚ್ಚುತ್ತ ಕೇಳಿದಳು, "ಹೇಗಿತ್ತು? ನಿನ್ನ ಥರಾನೇ ಇತ್ತಾ?"

ಅವನು ಕನ್ನಡಿಯಲ್ಲಿ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಲಗೈಯನ್ನು ಮುಖದ ಸುತ್ತ ಮೆಲ್ಲಗೆ ಒಂದು ಸುತ್ತು ತಂದ. ಚೆಂದ.

ಲಾಂಡ್ರಿಯ ಆ ಸೋಮವಾರದ ನಂತರ ಅವನು ಅವಳಿಗೆಂದು ಆ ಸನ್ನೆ ಮಾಡಿದ್ದು ಅದೇ ಮೊದಲು. ಹಿಗ್ಗಿಹೋದಳು. ಅಂದಿನಿಂದ ನಾಲ್ಕು ಬೇಸಿಗೆ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ, ದಿನ ತಪ್ಪದೆ ಪೆಟ್ಟಿಗೆಯ ಮೇಲೆ ಕೂತು ಗಂಡನ ದನಿಯಾದಳು. ಹೊರಗಿನವರಾರಿಗೂ ಗೊತ್ತಾಗಲಿಲ್ಲ. ಪತ್ರಿಕೆಯೊಂದು ಪಿಯೆರೋನ ದನಿಗೆ ವಯಸ್ಸೇ ಆಗಿಲ್ಲ ಎಂದೂ ಬರೆಯಿತು. ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ನಿಜ ಹೇಳಬೇಕೆಂದರೆ ಅವಳ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಹಿಂದೆ ಇರಲಿಲ್ಲ. ಕೊನೆಗೂ ಅವನ ಮಾತು ಅವಳ ಪಾಲಿಗೆ ಬಂದಿತ್ತು.

ಎರಡನೆಯ ಬೇಸಿಗೆಯಲ್ಲಿ ಒಮ್ಮೆ ಹೊಲ್ಗರ್ ಹಗ್ಗಕ್ಕೆ ಮೇಣ ಉಜ್ಜುತ್ತ ತಡವರಿಸಿದ. "ರಿಗ್ಮೋರ್, ಆ 'ನಾಳೆ' ಅನ್ನೋದು ಇದ್ಯಲ್ಲ... ಎಯ್ನಾರ್ ಹೇಳೋವಾಗ ಸ್ವಲ್ಪ..."

"ಸ್ವಲ್ಪ ಏನು?"

ಅವಳ ಮುಖ ನೋಡಿ ಅವನು ಮತ್ತೆ ಮೇಣ ಉಜ್ಜತೊಡಗಿದ. "ಏನಿಲ್ಲ ಬಿಡಮ್ಮ. ಚೆನ್ನಾಗಿದೆ."

ಎರಡು ದಿನ ಹೊಲ್ಗರನ ಜೊತೆ ಮಾತು ಬಿಟ್ಟಳು.

ಮೂರನೆಯ ಬೇಸಿಗೆ ಕಳೆದ ಮೇಲೆ, ಒಂದು ಭಾನುವಾರ ಆಲೂಗಡ್ಡೆ ಸುಲಿಯುತ್ತ ಆ ಆಸ್ಪತ್ರೆಯ ಬೆಳಿಗ್ಗೆಯನ್ನು ನೆನೆದುಕೊಂಡಳು. ಆಗಾಗ ನೆನೆದು ನಗುವುದು ಅವಳ ರೂಢಿ. ಗ್ಯಾಸ್ ಆಫ್ ಮಾಡಿ ಬಂದ್ಯಾ? ಮಾತು ಬಂತು. ಆದರೆ ದನಿ ಅವನದಲ್ಲ. ಹಲಗೆಯಡಿಯಿಂದ ತಾನು ಕೂಗುತ್ತಿದ್ದ ಆ ಚೀರುದನಿಯೇ ಕಿವಿಯೊಳಗೆ ಕೂಗಿತು. ಚಾಕು ಕೆಳಗಿಟ್ಟಳು. ಲಾಂಡ್ರಿಯಲ್ಲಿ ಆಡಿದ ಮಾತನ್ನು ನೆನೆದಳು, ಮದುವೆಯ ದಿನ ಪಾದ್ರಿಯ ಎದುರು ಅಂದದ್ದನ್ನು ನೆನೆದಳು. ಎಲ್ಲವೂ ಅದೇ ದನಿಯಲ್ಲಿ ಬಂದವು. ಬೇಸಿಗೆಗೆ ನೂರೈವತ್ತು ಸಲ, ಮೂರು ಬೇಸಿಗೆಗೆ ನಾನೂರೈವತ್ತು ಸಲ ತಾನು ಕೂಗಿದ್ದು ಅವನ ನಿಜದ ದನಿಯನ್ನು ಒಳಗಿನಿಂದ ಒರೆಸಿಹಾಕಿತ್ತು. ಲಾಂಡ್ರಿಯಲ್ಲಿ ಕಲೆ ತೆಗೆಯುವಾಗಲೂ ಹೀಗೇ, ಜಾಸ್ತಿ ಉಜ್ಜಿದರೆ ಬಟ್ಟೆಯೇ ಸವೆದುಹೋಗುತ್ತಿತ್ತು.

ಹೆದರಿದಳು. ಯಾರನ್ನು ಕೇಳುವುದು? ಮಾತಿಲ್ಲದ ಆಟವನ್ನು ಯಾರೂ ರೆಕಾರ್ಡು ಮಾಡಿರಲಿಲ್ಲ. ಗಂಡ ಪಕ್ಕದ ಕೋಣೆಯಲ್ಲೇ ಪತ್ರಿಕೆ ಓದುತ್ತ ಕೂತಿದ್ದ. ಬದುಕಿ ಕೂತ ಗಂಡನಿಗೆ, ನಿನ್ನ ದನಿ ನಂಗೆ ಮರೆತುಹೋಯ್ತು ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಅವನು ಮೇಜು ಕುಟ್ಟಿದ, ಅವಳು ಕಾಫಿ ತೆಗೆದುಕೊಂಡು ಹೋದಳು.

ನಾಲ್ಕನೆಯ ಬೇಸಿಗೆ ಕಳೆದ ಚಳಿಗಾಲಕ್ಕೆ ಗಡ್ಡೆ ಮರಳಿ ಬಂತು. ಈ ಸಲ ವೈದ್ಯರು ಕೈ ಚೆಲ್ಲಿದರು. ಫ್ರೋಡೆ ಎಂಬ ಇಪ್ಪತ್ತನಾಲ್ಕರ ನರ್ತಕ ದಿನವೂ ಮಧ್ಯಾಹ್ನ ಮನೆಗೆ ಬರತೊಡಗಿದ, ಮುಂದಿನ ಪಿಯೆರೋ ಅವನೇ. ಎಯ್ನಾರ್ ಕುರ್ಚಿಯಲ್ಲಿ ಕೂತು ಕೈಯಲ್ಲೇ ಪಾಠ ಹೇಳಿದ. ಏಟು ಬೀಳುವ ಮುಂಚೆ ಕೋಲನ್ನು ನೋಡಬಾರದು, ಹೊಡೆಯುವವನ ಮುಖ ನೋಡಬೇಕು. ಕದ್ದ ಸಾಸೇಜಿಗೆ ಭಾರ ಇರಬೇಕು. ಹುಡುಗ ತಪ್ಪಿದರೆ ಟಕ್ ಎಂದು ಒಂದು ಕುಟ್ಟು. ಎರಡು ಕುಟ್ಟು ಮಾತ್ರ ಹೆಂಡತಿಗೆ.

ಫೆಬ್ರವರಿಯ ಒಂದು ಬೆಳಿಗ್ಗೆ ಕೋಣೆಯಿಂದ ಎರಡು ಕುಟ್ಟು ಕೇಳಿತು.

"ಬಂದೆ, ಕಾಫಿ ಇಳಿಸಿ ಬಂದೆ," ಎಂದಳು ರಿಗ್ಮೋರ್.

ಇಳಿಸಿ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಕೈ ಇನ್ನೂ ಮೇಜಿನ ಮೇಲೇ ಇತ್ತು. ಕಾಫಿ ಆಮೇಲೆ ಇಳಿಸಿದ್ದರೆ ಏನಾಗುತ್ತಿತ್ತು ಎಂದು ಅವಳು ತನ್ನನ್ನು ಎಷ್ಟು ಸಲ ಕೇಳಿಕೊಂಡಳೋ ಲೆಕ್ಕವಿಲ್ಲ.

ಹೊಲ್ಗರನೂ ಅವನ ಹಗ್ಗದವರೂ ಶವಪೆಟ್ಟಿಗೆ ಹೊತ್ತರು. ಪಾದ್ರಿ ಮುಕ್ಕಾಲು ಗಂಟೆ ಮಾತಾಡಿದ. "ಇಷ್ಟು ಮಾತು ಕೇಳಿಸ್ಕೊಂಡು ಸುಮ್ನೆ ಮಲಗಿದಾನಲ್ಲ, ಸತ್ತಿರೋದು ನಿಜವೇ," ಎಂದು ಹೊಲ್ಗರ್ ಮೂಗು ಒರೆಸಿಕೊಂಡ. ರಿಗ್ಮೋರಳಿಗೆ ನಗು ಬಂತು, ಬಂದದ್ದು ಹಾಗೇ ಅಳುವಾಯಿತು.

ಮನೆಯಲ್ಲಿ ಕುಟ್ಟುವ ಸದ್ದೂ ಇಲ್ಲ ಈಗ. ಫೋಟೋ ಇತ್ತು, ಅಂಗಿ ಇತ್ತು, ಕೆಂಪು ಕಲೆಯೂ ಇತ್ತು. ಇಲ್ಲದ್ದು ದನಿಯೊಂದೇ, ಅವಳಿಗೆ ಬೇಕಾದದ್ದೂ ಅದೊಂದೇ. ಅವನು ತನ್ನ ಹೆಸರು ಹಿಡಿದು ಕರೆದದ್ದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಅದನ್ನಾದರೂ ಕೇಳಬೇಕು. ಅಡುಗೆಮನೆಯಲ್ಲಿ ನಿಂತು ಪಿಯೆರೋನ ದನಿ ಮಾಡಿ "ರಿಗ್ಮೋರ್" ಎಂದು ನೋಡಿದಳು. ಹಲಗೆಯಡಿಯ ಆ ಚೀರು ಗೋಡೆಗೆ ಬಡಿದು ಬಂತು. ಬಾಯಿಗೆ ಏಪ್ರನ್ನು ಒತ್ತಿಕೊಂಡು ಕೂತುಬಿಟ್ಟಳು. ನಾನೇ ಅವನನ್ನು ಅಳಿಸಿಹಾಕಿದೆ ಎಂಬುದು ಅವಳ ಎದೆಯಲ್ಲಿ ಕಲ್ಲಾಗಿ ಕೂತಿತು.

ಏಪ್ರಿಲಿನಲ್ಲಿ ಮ್ಯಾನೇಜರು ಬಂದ. "ಮೈಯೆಲ್ಲ ಎಯ್ನಾರ್ ಕಲಿಸಿ ಹೋದ. ಮಾತೊಂದು ನೀವು ಹೇಳಿಕೊಡಿ ರಿಗ್ಮೋರ್. ಆ ಹುಡುಗನೂ ಅದೇ ಮಾತೇ ಬೇಕು ಅಂತಾನೆ." ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೇಳಿಕೊಟ್ಟಳು. ಖಾಲಿ ರಂಗದಲ್ಲಿ ಅವಳು "ಉಳಿದಿದ್ದು ನಾಳೆ!" ಎಂದು ಚೀರಿದಳು, ಫ್ರೋಡೆಯೂ ಹಾಗೆಯೇ ಚೀರಿದ. ಒಂದು ಕ್ಷಣ ಏನೋ ಕೇಳಬೇಕೆಂಬಂತೆ ಅವಳನ್ನು ನೋಡಿದ, ಕೇಳಲಿಲ್ಲ. ವಿಧವೆಯನ್ನು ಯಾರು ತಿದ್ದುತ್ತಾರೆ.

ಮೇ ಒಂದರ ಸಂಜೆ ಅವಳಿಗೆ ಹಲಗೆಯಡಿಯಲ್ಲಿ ಕೆಲಸವಿರಲಿಲ್ಲ. ಆದರೂ ಕಾಲು ಅಲ್ಲಿಗೇ ನಡೆಯಿತು. ಹೊಲ್ಗರ್ ಏನೂ ಕೇಳದೆ ಬಿಯರಿನ ಪೆಟ್ಟಿಗೆಯನ್ನು ಅದರ ಜಾಗಕ್ಕೆ ತಳ್ಳಿಕೊಟ್ಟ. ಮೇಲೆ ಹೊಸ ಪಿಯೆರೋ ಓಡಿದ, ಬಿದ್ದ, ಒದೆ ತಿಂದ. ಬೀಳುವ ಸದ್ದು ಎಯ್ನಾರನದೇ ಎಂದು ರಿಗ್ಮೋರಳ ಬೆನ್ನಿಗೆ ತಿಳಿಯಿತು. ಬಾಲ ಬಿಚ್ಚಿತು.

"ಮಾತಾಡು ಪಿಯೆರೋ! ಏನಾದ್ರೂ ಮಾತಾಡು!"

ಫ್ರೋಡೆ ಸುಮ್ಮನಿದ್ದ. ನಾಚಿಕೆಯ ಅಭಿನಯವಲ್ಲ ಅದು, ನಿಜವಾಗಿಯೇ ಹೆದರಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಬಾಯಿ ತಾನಾಗಿ ಜಾಲರಿಯ ಕಡೆ ಹೋಯಿತು. ಅಷ್ಟರಲ್ಲಿ ಮೇಲಿನಿಂದ ದನಿ ಬಂತು.

"ಮಕ್ಕಳಾ..."

ತಗ್ಗಿದ ದನಿ. ಕೂಗಲ್ಲ. ಕೂಗುತ್ತಿದ್ದ ಮಕ್ಕಳು ಕೇಳಿಸಿಕೊಳ್ಳಲೆಂದೇ ತೆಪ್ಪಗಾದವು.

"ಹೇಳೋದು ತುಂಬಾ ಇದೆ." ಹಲಗೆಯ ಮೇಲೆ ಒಂದು ಹೆಜ್ಜೆ ಮುಂದೆ ಬಂದ ಸದ್ದು. "ಉಳಿದಿದ್ದು..." ಮತ್ತೆ ತಡೆದ. ಕಂಬಿ ಕಿರುಗುಟ್ಟಿತು, ಎಲ್ಲ ಮಕ್ಕಳೂ ಮುಂದಕ್ಕೆ ಬಾಗಿದ್ದವು. ಆಮೇಲೆ, ಒಬ್ಬರಿಗೆ ಮಾತ್ರ ಹೇಳುವ ಗುಟ್ಟಿನ ಹಾಗೆ, ದನಿಯನ್ನು ಮೆಲ್ಲಗೆ ಕೆಳಗಿಳಿಸಿ ಅಂದ. "ನಾಳೆ."

ರಿಗ್ಮೋರಳ ಕೈ ಜಾಲರಿಯನ್ನು ಹಿಡಿದುಕೊಂಡಿತು. ಹೌದು. ಹೀಗೇ. ಏರುತ್ತಿರಲಿಲ್ಲ ಅದು, ಇಳಿಯುತ್ತಿತ್ತು. ಮಾತಿನ ತುದಿಯನ್ನು ಅವನು ಹೀಗೇ ಕೆಳಗಿಡುತ್ತಿದ್ದ, ಗ್ಯಾಸ್ ಆಫ್ ಮಾಡಿ ಬಂದ್ಯಾ ಎನ್ನುವಾಗಲೂ ಹೀಗೇ. ಆ ಗಾಲಿಮಂಚದ ಮಾತು ಕಿವಿಯಲ್ಲಿ ಕೇಳಿತು, ಅವನ ದನಿಯಲ್ಲಿ, ಕೊಂಚ ಒಡಕು, ಕೊಂಚ ಅಂಜಿಕೆ, ಹಾಗೆ ಹಾಗೇ. ಅಂಜಿಕೆಯಿತ್ತು ಅದರಲ್ಲಿ. ಗ್ಯಾಸಿನ ಬಗ್ಗೆಯಲ್ಲ ಅವನು ಕೇಳಿದ್ದು. ಮನೆಯಲ್ಲಿ ಒಬ್ಬಳೇ ಇರಬೇಕಾದ ಹೆಂಡತಿಯ ಬಗ್ಗೆ ಹೆದರಿದ್ದ. ನಾಲ್ಕೂವರೆ ವರ್ಷ ಆ ಮಾತನ್ನು ನೆನೆದು ನಕ್ಕಿದ್ದಳು ಅವಳು.

ಇನ್ನೊಂದೂ ತಿಳಿಯಿತು. ನಾಲ್ಕು ಬೇಸಿಗೆ ಅವಳು ತಪ್ಪು ಹೇಳಿದ್ದಳು. ದಿನವೂ ಎಯ್ನಾರ್ ಅವಳ ತಲೆಯ ಮೇಲೆ ನಿಂತು, ತನ್ನದಲ್ಲದ ಆ ಚೀರಿಗೆ ಬಾಯಿ ಆಡಿಸಿದ್ದ. ಇಪ್ಪತ್ತಾರು ವರ್ಷ ತಿದ್ದಿ ತೀಡಿದ ಒಂದೇ ಒಂದು ಮಾತು ಹಾಳಾಗುವುದನ್ನು ಕೇಳಿಕೊಂಡು ಒಳಗೆ ಬಂದು, ಕನ್ನಡಿಯಲ್ಲಿ ಅವಳ ಮುಖ ನೋಡಿ, ಚೆಂದ ಎಂದಿದ್ದ.

ಮೇಲೆ ಮಕ್ಕಳು ಹುರ್ರಾ ಎಂದವು. ಹೊಲ್ಗರ್ ಹಗ್ಗ ಕಟ್ಟುವವನ ಹಾಗೆ ಆ ಕಡೆ ತಿರುಗಿಕೊಂಡ, ಆ ಹಗ್ಗ ಆಗಲೇ ಕಟ್ಟಿತ್ತು.

ಫ್ರೋಡೆ ಮೆಟ್ಟಿಲಿಳಿದು ಓಡಿ ಬಂದ. ಬೆವರಿಗೆ ಬಿಳಿ ಬಣ್ಣ ಇಳಿಯುತ್ತಿತ್ತು, ತುಟಿಯನ್ನು ಆಗಲೇ ತೋಳಿಗೆ ಒರೆಸಿಕೊಂಡಿದ್ದ.

"ರಿಗ್ಮೋರಮ್ಮ, ತಪ್ಪಾಯ್ತು. ನೀವು ಹೇಳ್ಕೊಟ್ಟಿದ್ದು ಅಷ್ಟು ಚೆನ್ನಾಗಿ ಕಲ್ತಿದ್ದೆ. ಹೆದರಿಕೇಲಿ ಎಲ್ಲಾ ಮರೆತೋಯ್ತು. ಐದು ವರ್ಷದವನಿದ್ದಾಗ ಅಜ್ಜಿ ಜೊತೆ ಆ ಕಂಬಿ ಹತ್ರ ನಿಂತು ಕೇಳಿದ್ದೇ ಬಾಯಿಗೆ ಬಂದ್ಬಿಡ್ತು. ನಾಳೆ ನೀವು ಹೇಳ್ಕೊಟ್ಟ ಹಾಗೇ ಹೇಳ್ತೀನಿ, ಆಣೆ."

ರಿಗ್ಮೋರ್ ಪೆಟ್ಟಿಗೆಯಿಂದ ಎದ್ದಳು. ಬಲಗೈ ಎತ್ತಿ ತನ್ನ ಮುಖದ ಸುತ್ತ ಮೆಲ್ಲಗೆ ಒಂದು ಸುತ್ತು ತಂದಳು. ಹುಡುಗನಿಗೆ ನಂಬಿಕೆಯಾಗಲಿಲ್ಲ, ಹೊಲ್ಗರನ ಕಡೆ ನೋಡಿದ. ಹೊಲ್ಗರ್ ಹೌದೆಂದು ತಲೆಯಾಡಿಸಿದ.

"ನಾನು ಹೇಳ್ಕೊಟ್ಟಿದ್ದು ಬೇಡ," ಎಂದಳು ಅವಳು ಕೊನೆಗೆ. "ನಾಳೆಯೂ ಹೀಗೇ ಹೇಳಪ್ಪ. ನಾನು ಇಲ್ಲೇ ಕೆಳಗೆ ಕೂತಿರ್ತೀನಿ."